ಕುರ್ಲಾದ ಬಾರಿಗೆ ಬಾರದ ಡಾರ್ಟ್ಸ್

ಗೋಡೆಗೆ ನೇತುಹಾಕಿದ ಅಂಕದ ಹಲಗೆಗೆ ಚೂಪು ಮೊಳೆ ಎಸೆಯುವ ಆಟ ಡಾರ್ಟ್ಸ್. ಆಡಲು ಬೇಕಾದದ್ದು ಒಂದು ಖಾಲಿ ಗೋಡೆ, ಅದರ ಮುಂದೆ 2.37 ಮೀಟರ್ ಜಾಗ. ಮುಂಬಯಿಯ ಕುರ್ಲಾದ ಚಾಳಿನ ಹತ್ತಡಿ ಖೋಲಿಯಲ್ಲೂ ಲೆಕ್ಕಕ್ಕೆ ಇಷ್ಟು ಜಾಗ ಸಿಕ್ಕೀತು. ಆದರೆ ಗೋಡೆ ತುಂಬ ದೇವರ ಪಟ, ಬಟ್ಟೆಯ ಗೂಟ, ಪಾತ್ರೆಯ ಹಲಗೆ. ನೆಲದಲ್ಲಿ ರಾತ್ರಿಪಾಳಿ ಮುಗಿಸಿ ಮಲಗಿದವರು. ಮನೆಯ ಮಾತು ಬಿಡಿ. ಕುಂದಾಪುರ ಕಡೆಯಿಂದ ಬಂದು ಇಲ್ಲಿನ ಬಾರೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಅರ್ಧ ಆಯುಷ್ಯ ಕಳೆದ ನನಗೆ ಕಾಡುವ ಪ್ರಶ್ನೆ ಬೇರೆ: ಕುಡಿಯುವವರ ನಡುವೆಯೇ ಬೆಳೆದ ಈ ಆಟ ನಮ್ಮ ಬಾರುಗಳಿಗೆ ಯಾಕೆ ಬರಲಿಲ್ಲ?

ಕೈಯಿಂದ ಎಸೆಯುವ ಕಿರು ಈಟಿ ಮೊದಲು ಯುದ್ಧದ ಸಾಮಾನು. ರೋಮನ್ ಸೈನಿಕರು ಸೀಸದ ತೂಕ ಕೂರಿಸಿದ ಪ್ಲಂಬಾಟಾಗಳನ್ನು ಗುರಾಣಿಯಲ್ಲಿ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಮೆಕ್ಸಿಕೊದ ಅಜ್ಟೆಕರು ಅಟ್ಲಾಟ್ಲ್ ಎಂಬ ಕೋಲಿನ ಬಲದಿಂದ ಈಟಿ ಚಿಮ್ಮಿಸುತ್ತಿದ್ದರು. ಚೀನಾದಲ್ಲಿ ಮಾತ್ರ ಎಸೆತ ಬಹಳ ಹಿಂದೆಯೇ ಔತಣಕೂಟ ಸೇರಿತು. ದೂರದಿಂದ ಹೂಜಿಯೊಳಗೆ ಬಾಣ ಎಸೆಯುವ ಟೌಹು ಆಟದ ರೀತಿನೀತಿಗಳು ‘ಲೀಜಿ’ ಎಂಬ ಪ್ರಾಚೀನ ವಿಧಿಗ್ರಂಥದಲ್ಲೇ ಇವೆ. ಸೋತವನು ಮದ್ಯ ಕುಡಿಯಬೇಕು, ಅದೇ ದಂಡ! ಕೊರಿಯಾದವರು ಅದನ್ನೇ ಟುಹೊ ಎಂದು ಇಂದಿಗೂ ಹಬ್ಬದ ದಿನ ಆಡುತ್ತಾರೆ.

ಇಂದಿನ ಡಾರ್ಟ್ಸ್ ರೂಪ ಪಡೆದದ್ದು ಇಂಗ್ಲೆಂಡಿನ ಪಬ್‌ಗಳಲ್ಲಿ. 1908ರಲ್ಲಿ ಲೀಡ್ಸ್ ಕೋರ್ಟಿನಲ್ಲಿ ಒಬ್ಬಾತ ಹೇಳಿದ ಅಂಕಕ್ಕೇ ಗುರಿಯಿಟ್ಟು, ಇದು ಜೂಜಲ್ಲ, ಕೈಚಳಕ ಎಂದು ತೋರಿಸಿಕೊಟ್ಟ ಎಂಬ ಕತೆಯಿದೆ; ಅದಕ್ಕೆ ದಾಖಲೆಗಿಂತ ಬಾಯಿಮಾತಿನ ಬಲವೇ ಹೆಚ್ಚು. 1924ರಲ್ಲಿ ರಾಷ್ಟ್ರೀಯ ಸಂಘ ಹುಟ್ಟಿ ನಿಯಮಗಳು ಬಿಗಿಯಾದವು. 1927ರಲ್ಲಿ ‘ನ್ಯೂಸ್ ಆಫ್ ದ ವರ್ಲ್ಡ್’ ಪತ್ರಿಕೆ ಲಂಡನ್ನಿನಲ್ಲಿ ಸ್ಪರ್ಧೆ ಶುರುಮಾಡಿತು. ಬಿಯರ್ ಕಂಪನಿಗಳು ಪಬ್ಬಿಗೂ ಪಬ್ಬಿಗೂ ಪಂದ್ಯ ಕಟ್ಟಿದವು. 1937ರಲ್ಲಿ ಸ್ಲೌ ಊರಿಗೆ ಹೋದ ರಾಜ ಆರನೇ ಜಾರ್ಜ್ ಮತ್ತು ರಾಣಿ ಎಲಿಜಬೆತ್ ತಾವೂ ಮೊಳೆ ಎಸೆದರು, ಗೆದ್ದದ್ದು ರಾಣಿ. ಎಲ್ಲರಿಗೂ ಹಿಡಿಸಿತೆಂದಲ್ಲ. 1939ರಲ್ಲಿ ಗ್ಲಾಸ್ಗೊದ ಮ್ಯಾಜಿಸ್ಟ್ರೇಟರು ಪಬ್‌ಗಳಲ್ಲಿ ಡಾರ್ಟ್ಸ್ ಬೇಡವೆಂದರು.

ಮೊದಲಿನ ಮರದ ಹಲಗೆ ಒಣಗಿ ಸೀಳದಂತೆ ನೆನೆಹಾಕಬೇಕಿತ್ತು. 1930ರ ದಶಕದಲ್ಲಿ ಸಿಸಲ್ ನಾರಿನ ಹಲಗೆ ಬಂತು. ಸಿಸಲ್ ಎಂದರೆ ನಮ್ಮ ಬೇಲಿಯ ಕತ್ತಾಳೆಯ ಜಾತಿಯದೇ. ಅದರ ನಾರನ್ನು ಒತ್ತೊತ್ತಾಗಿ ನಿಲ್ಲಿಸಿ ಬಿಗಿದಿರುವುದರಿಂದ ಮೊಳೆ ಕಿತ್ತ ತೂತು ತಾನೇ ಮುಚ್ಚಿಕೊಳ್ಳುತ್ತದೆ.

ಅತ್ತ ಪಬ್‌ಗಳಲ್ಲಿ ಈ ಆಟ ಬೇರೂರಿದ ಕೆಲವೇ ವರ್ಷಕ್ಕೆ ಇತ್ತ ಕುಡಿಯುವ ಜಾಗಕ್ಕೇ ಬೀಗ ಬಿತ್ತು. ಕುರ್ಲಾ ಆಗ ಕಾರ್ಮಿಕರ ಊರು. ಜಮ್‌ಶೆಟ್‌ಜಿ ಟಾಟಾ 1886ರಲ್ಲಿ ಇಲ್ಲಿನ ಮಿಲ್ಲೊಂದನ್ನು ಕೊಂಡು ಸ್ವದೇಶಿ ಮಿಲ್ ಎಂದು ಹೆಸರಿಟ್ಟಿದ್ದರು; ಮುಂದೆ ಪ್ರೀಮಿಯರ್ ಕಾರಿನ ಕಾರ್ಖಾನೆಯೂ ಬಂತು. ಇಂಥ ಊರಿನಲ್ಲಿ ಪಬ್ಬಿನಂಥ ಜಾಗ ಹುಟ್ಟುವ ಮೊದಲೇ 1949ರ ಮುಂಬಯಿ ಪಾನನಿಷೇಧ ಕಾಯ್ದೆ ಬಂದು 1950ರ ಏಪ್ರಿಲ್‌ನಿಂದ ಪೂರ್ತಿ ಜಾರಿಯಾಯಿತು. ಮುಂದೆ ಕಾಯ್ದೆ ಸಡಿಲವಾದಾಗ ಬಂದದ್ದು ಪರ್ಮಿಟ್ ರೂಮ್ ಎಂಬ ಪರವಾನಗಿಯ ಬಾರು. ಕರಾವಳಿಯಿಂದ ಬಂದ ನಮ್ಮವರು ಅದನ್ನು ಚೆನ್ನಾಗಿಯೇ ನಡೆಸಿದರು. ಆದರೆ ನಮ್ಮದು ಟೇಬಲ್ಲಿನ ಲೆಕ್ಕ. ಗಿರಾಕಿ ಮಂದ ಬೆಳಕಿನಲ್ಲಿ ಕೂತು, ಕ್ವಾರ್ಟರ್ ಮುಗಿಸಿ, ಕೊನೆಯ ಲೋಕಲ್ ಹಿಡಿಯಬೇಕು. ಡಾರ್ಟ್ಸ್ ಹಲಗೆ ನೇತುಹಾಕಿದರೆ ಎರಡು ಟೇಬಲ್ ನಷ್ಟ. ಕುಡಿದವರ ಕೈಗೆ ಚೂಪು ಮೊಳೆ ಕೊಟ್ಟು ಲೈಸೆನ್ಸಿಗೆ ಸಂಚಕಾರ ತಂದುಕೊಳ್ಳುವ ಶೆಟ್ಟರು ಯಾರಿದ್ದಾರೆ?

ಇಂಗ್ಲಿಷರಿಗೆ ಪಬ್ ಎಂದರೆ ಊರ ಚಾವಡಿ. ನಮಗೆ ಬಾರು ವ್ಯಾಪಾರವಷ್ಟೇ; ಚಾವಡಿ ಬೇರೆ ಇತ್ತು. ಲಂಡನ್ನಿನಲ್ಲಿ ಆ ಪತ್ರಿಕೆಯ ಸ್ಪರ್ಧೆ ಶುರುವಾದ 1927ರಲ್ಲೇ ಮುಂಬಯಿಯಲ್ಲಿ ಬಂಟರ ಸಂಘ ಹುಟ್ಟಿತು. ಇಂದು ಕುರ್ಲಾ ಪೂರ್ವದಲ್ಲಿ ಬಂಟರ ಭವನವಿದೆ, ಪಕ್ಕದಲ್ಲೇ ಸಂಘದ ಕಾಲೇಜಿದೆ. ಮದುವೆ, ಯಕ್ಷಗಾನ, ಸಭೆ ಎಲ್ಲವೂ ಅಲ್ಲಿ. ಇನ್ನು ಚಾಳಿನ ಹುಡುಗರಿಗೆ ಕೇರಂ ಸಾಕಾಯಿತು. ಅದಕ್ಕೆ ಗೋಡೆ ಬೇಡ. ಮಂಡಳದ ಕೋಣೆ, ತಗ್ಗಿಗೆ ಇಳಿಬಿಟ್ಟ ಬಲ್ಬು, ಒಂದು ಚಿಟಿಕೆ ಬೋರಿಕ್ ಪುಡಿ ಇದ್ದರೆ ನಡುರಾತ್ರಿಯವರೆಗೆ ಆಟ.

ಆಟ ಬೆಳೆಯುವುದು ಕೈಚಳಕದಿಂದ ಅಲ್ಲ, ಜನ ಕೂಡುವ ಜಾಗದಿಂದ ಎಂಬುದು ನನ್ನ ತೀರ್ಮಾನ. ಕೈಚಳಕಕ್ಕೆ ನಮ್ಮಲ್ಲಿ ಬರವಿಲ್ಲ: ಭಾರತದ ನಿತಿನ್ ಕುಮಾರ್ 2018ರ ಡಿಸೆಂಬರ್‌ನಲ್ಲೇ ಲಂಡನ್ನಿನ ವಿಶ್ವಸ್ಪರ್ಧೆಯಲ್ಲಿ ಆಡಿದ್ದಾರೆ. 2025ರಲ್ಲಿ ಆ ಪಟ್ಟ ಗೆದ್ದ ಲ್ಯೂಕ್ ಲಿಟ್ಲರ್‌ಗೆ ಆಗ ಬರೀ 17 ವರ್ಷ. ನಮ್ಮ ಸಂಘಗಳ ಕಾರ್ಯದರ್ಶಿಗಳಲ್ಲಿ ಒಂದು ಮಾತು: ವಾರ್ಷಿಕ ಕ್ರೀಡಾಕೂಟದ ಪಟ್ಟಿಗೆ ಇದನ್ನೂ ಸೇರಿಸಿ. ಹಲಗೆಯ ಅಗಲ 45 ಸೆಂಟಿಮೀಟರ್, ಅಷ್ಟೇ. ಸಭಾಂಗಣದ ಗೋಡೆಯಲ್ಲಿ ದಾನಿಗಳ ಫೋಟೊಗಳ ನಡುವೆ ಅಷ್ಟು ಜಾಗ ಖಂಡಿತ ಸಿಗುತ್ತದೆ.