ರಘು ದೀಕ್ಷಿತ್ (ಆಲ್ಬಂ)

ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಮೊದಲ ಸ್ಟುಡಿಯೊ ಆಲ್ಬಂ. 2008ರಲ್ಲಿ ಸಂಗೀತ ನಿರ್ದೇಶಕರಾದ ವಿಶಾಲ್ ದದ್ಲಾನಿ ಮತ್ತು ಶೇಖರ್ ರಾವ್ಜಿಯಾನಿ ಅವರ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ ಬಿಡುಗಡೆಯಾಯಿತು. ಜಾನಪದ ರಾಕ್ ಪ್ರಕಾರದ ಈ ಸಂಗ್ರಹದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಹಾಡುಗಳಿವೆ. ತಂಡದ ಗಾಯಕ ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಈ ತಂಡಕ್ಕೂ ಮೊದಲು ಅವರು 'ಅಂತರಾಗ್ನಿ' ಎಂಬ ತಂಡ ಕಟ್ಟಿದ್ದರು.

ಆಲ್ಬಂನ ನಿಜವಾದ ಸತ್ವ ಇರುವುದು ಸಂತ ಶಿಶುನಾಳ ಶರೀಫರ (1819–1889) ಎರಡು ತತ್ವಪದಗಳಲ್ಲಿ: 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನಿಯ ಮಾಳಿಗಿ'. ಗುಡುಗುಡಿ ಎಂದರೆ ಹುಕ್ಕಾ. ಹಳ್ಳಿಯ ಕಟ್ಟೆಯ ಈ ಚಟವನ್ನೇ ಶರೀಫರು ಸಾಧನೆಯ ರೂಪಕವಾಗಿಸಿದರು. ಸೋರುವ ಮಾಳಿಗೆ ಅಜ್ಞಾನ ಕವಿದ ದೇಹದ ರೂಪಕ. ಗಾಯಕ ಸಿ. ಅಶ್ವತ್ಥ್ ಅವರ ಕಂಠದಲ್ಲಿ ಶರೀಫರನ್ನು ಕೇಳಿ ಬೆಳೆದ ನಾಡಿಗೆ ಗಿಟಾರು, ಡ್ರಮ್ಮುಗಳ ಈ ಪಾಠ ಹೊಸತು. ಆದರೂ ಪದದ ಬನಿ ಕೆಟ್ಟಿಲ್ಲ. ಧಾರವಾಡ ಸೀಮೆಯ ನುಡಿ ಹಾಗೆಯೇ ಉಳಿದಿದೆ. 'ಮೈಸೂರ್ ಸೆ ಆಯಿ', 'ಹೇ ಭಗವಾನ್' ಇತರ ಜನಪ್ರಿಯ ಹಾಡುಗಳು.

ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ರಘು 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡ ಬೆನ್ನಿಗೇ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ಅಗ್ರಸ್ಥಾನಕ್ಕೇರಿತು. ತಂಡಕ್ಕೆ 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ ಸಂದಿತು. ಎರಡನೆಯ ಆಲ್ಬಂ 'ಜಗ್ ಚಂಗಾ' 2013ರಲ್ಲಿ ಹೊರಬಂತು.