ತಕ್ಕಡಿಗೂ ಬೇಕು ಪರೀಕ್ಷೆ

1999ರ ಜೂನ್ 5ರ ಬೆಳಿಗ್ಗೆ ಇಟಲಿಯ ಮಡೊನ್ನಾ ದಿ ಕಾಂಪಿಲ್ಯೊ ಎಂಬ ಗಿರಿಧಾಮದಲ್ಲಿ ಸೈಕಲ್ ಪಟು ಮಾರ್ಕೊ ಪಂಟಾನಿ ಅವರ ರಕ್ತಪರೀಕ್ಷೆ ನಡೆಯಿತು. ಯಂತ್ರ ತೋರಿದ ಅಂಕಿ 52. ನಿಯಮದ ಮಿತಿ 50. 'ಜಿರೊ' ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಪಂಟಾನಿ, ಎರಡೇ ಹಂತಗಳು ಬಾಕಿ ಇರುವಾಗ ಹೊರನಡೆಯಬೇಕಾಯಿತು.

ಈ ಅಂಕಿಗೆ ಹಿಮಟೋಕ್ರಿಟ್ ಎಂದು ಹೆಸರು. ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡ ಎಷ್ಟೆಂಬುದನ್ನು ಅದು ಹೇಳುತ್ತದೆ. ಕೆಂಪು ಕಣ ಹೆಚ್ಚಿದಷ್ಟೂ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ. ಈ ಕಣಗಳ ಉತ್ಪತ್ತಿಗೆ ಪ್ರಚೋದನೆ ನೀಡುವುದು ಮೂತ್ರಪಿಂಡದಲ್ಲಿ ತಯಾರಾಗುವ ಇಪಿಒ ಹಾರ್ಮೋನು. ಮೂತ್ರಪಿಂಡದ ರೋಗಿಗಳಿಗಾಗಿ 1980ರ ದಶಕದ ಕೊನೆಯಲ್ಲಿ ಬಂದ ಕೃತಕ ಇಪಿಒ ಕ್ರೀಡಾರಂಗಕ್ಕೂ ನುಸುಳಿತು. ಒಲಿಂಪಿಕ್ಸ್‌ನಲ್ಲಿ ಅದರ ಪತ್ತೆಗೆ ಪರೀಕ್ಷೆ ಜಾರಿಯಾದದ್ದು 2000ದ ಸಿಡ್ನಿಯಲ್ಲಿ. ಅದಕ್ಕೆ ಮೊದಲೇ, 1997ರಲ್ಲಿ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಪುರುಷರಿಗೆ 50ರ ಮಿತಿ ಹಾಕಿತ್ತು. ಮಿತಿ ಮೀರಿದರೆ ಮದ್ದು ಸೇವನೆ ಸಾಬೀತಾದಂತೆ ಅಲ್ಲ. ಆರೋಗ್ಯದ ಕಾರಣಕ್ಕೆ 15 ದಿನ ಸ್ಪರ್ಧೆಯಿಂದ ದೂರ, ಅಷ್ಟೆ.

ಎಲ್ಲರಿಗೂ ಒಂದೇ ಗೆರೆ ಎಳೆಯುವುದು ಸುಲಭ, ನ್ಯಾಯವಲ್ಲ. 1964ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಫಿನ್ಲೆಂಡಿನ ಸ್ಕೀ ಪಟು ಈರೊ ಮ್ಯಾಂಟಿರಾಂಟಾ ಅವರ ರಕ್ತದಲ್ಲಿ ಕೆಂಪು ಕಣಗಳು ವಿಪರೀತ ಹೆಚ್ಚಿದ್ದವು. ಅದು ಅವರ ವಂಶದಲ್ಲೇ ಹರಿದು ಬಂದ ಗುಣವೆಂದು 1990ರ ದಶಕದ ಸಂಶೋಧನೆ ತೋರಿಸಿತು. ಇತ್ತ ಸ್ವಭಾವತಃ 42 ಇರುವವರು ಮದ್ದು ಚುಚ್ಚಿಸಿಕೊಂಡು 49ಕ್ಕೆ ಏರಿದರೂ ಕೇಳುವವರಿರಲಿಲ್ಲ.

ಇದಕ್ಕೆ ಉತ್ತರವಾಗಿ ಬಂದದ್ದು 'ಜೈವಿಕ ಪಾಸ್‌ಪೋರ್ಟ್'. ಸೈಕ್ಲಿಂಗ್‌ನಲ್ಲಿ ಇದು 2008ರಲ್ಲಿ ಆರಂಭವಾಯಿತು. ಇಲ್ಲಿ ಕ್ರೀಡಾಪಟುವಿಗೆ ಅವರದೇ ಹಳೆಯ ರಕ್ತ ಅಳತೆಗೋಲು. ಹಿಮೋಗ್ಲೋಬಿನ್ ಮತ್ತು ಆಗತಾನೆ ಹುಟ್ಟಿದ ಎಳೆಯ ಕೆಂಪು ಕಣಗಳ ಪ್ರಮಾಣವನ್ನು ವರ್ಷಗಟ್ಟಲೆ ದಾಖಲಿಸಿ, ಅಸಹಜ ಏರಿಳಿತವನ್ನು ಗುರುತಿಸುತ್ತಾರೆ.

ಆದರೆ ಅಳೆಯುವ ಯಂತ್ರವೇ ಬದಲಾದರೆ? 2009ರಲ್ಲಿ ಜರ್ಮನಿಯ ಸ್ಕೇಟಿಂಗ್ ಪಟು ಕ್ಲಾಡಿಯಾ ಪೆಕ್‌ಸ್ಟೈನ್ ಅವರನ್ನು ಎರಡು ವರ್ಷ ನಿಷೇಧಿಸಲಾಯಿತು. ಯಾವ ಮದ್ದೂ ಸಿಕ್ಕಿರಲಿಲ್ಲ. ಎಳೆಯ ಕಣಗಳ ಪ್ರಮಾಣ ಹೆಚ್ಚಿತ್ತು. ಕ್ರೀಡಾ ನ್ಯಾಯಮಂಡಳಿಯ ಮುಂದೆ ಅವರ ಪರ ವಾದಗಳಲ್ಲಿ ಒಂದು, ರಕ್ತ ಅಳೆದ ಯಂತ್ರ ನಂಬಲರ್ಹವಲ್ಲ ಎಂಬುದು. ಮಂಡಳಿ ಅದನ್ನು ಒಪ್ಪಲಿಲ್ಲ. ಆದರೆ ಪ್ರಶ್ನೆ ಹುರುಳಿಲ್ಲದ್ದಲ್ಲ. ಎಳೆಯ ಕಣಗಳನ್ನು ಎಣಿಸಲು ಒಂದೊಂದು ಕಂಪನಿಯ ಯಂತ್ರ ಒಂದೊಂದು ಬಗೆಯ ಬಣ್ಣ, ಬೆಳಕು ಬಳಸುವುದರಿಂದ ಒಂದೇ ರಕ್ತಕ್ಕೆ ಬೇರೆ ಬೇರೆ ಅಂಕಿ ಬರಬಹುದು.

ಆದ್ದರಿಂದಲೇ ಪಾಸ್‌ಪೋರ್ಟ್ ವ್ಯವಸ್ಥೆಯಲ್ಲಿ ಕಟ್ಟುನಿಟ್ಟು ಹೆಚ್ಚು. ರಕ್ತ ಕೊಡುವ ಮುನ್ನ ಕ್ರೀಡಾಪಟು 10 ನಿಮಿಷ ಕುಳಿತಿರಬೇಕು. ನಿಂತಾಗ ರಕ್ತದ ನೀರಿನಂಶ ಕುಗ್ಗಿ ಅಂಕಿ ಏರುತ್ತದೆ. ಮಾದರಿಯನ್ನು ತಂಪಾಗಿ ಸಾಗಿಸಬೇಕು, ಚೆನ್ನಾಗಿ ಬೆರೆಸಿ ಎರಡು ಬಾರಿ ಅಳೆಯಬೇಕು, ಎರಡೂ ಹೊಂದಬೇಕು. ಪ್ರಯೋಗಾಲಯಗಳು ಒಂದೇ ಬಗೆಯ ಯಂತ್ರ ಬಳಸಬೇಕು. ಹಳೆಯ ಯಂತ್ರ ಹೋಗಿ ಹೊಸದು ಬರುವಾಗ ಒಂದೇ ರಕ್ತವನ್ನು ಎರಡರಲ್ಲೂ ಹಾಯಿಸಿ ಹೋಲಿಸಬೇಕು. ಹೊಸ ಯಂತ್ರ ಎಷ್ಟೇ ನಿಖರವಾಗಿದ್ದರೂ ಹಳೆಯದರೊಡನೆ ತಾಳೆಯಾಗದಿದ್ದರೆ, ಯಂತ್ರದ ವ್ಯತ್ಯಾಸ ಮನುಷ್ಯನ ಅಪರಾಧವಾಗಿ ಕಂಡೀತು.

ಅಂಗಡಿಯ ತೂಕದ ಬಟ್ಟುಗಳಿಗೂ ಸರ್ಕಾರದ ಮುದ್ರೆ ಬೇಕು. ಅಲ್ಲಿ ತಪ್ಪಿದರೆ ನಷ್ಟವಾಗುವುದು ಹಿಡಿ ಬೇಳೆ. ಇಲ್ಲಿ ಹೋಗುವುದು ಒಬ್ಬರ ಜೀವಮಾನದ ದುಡಿಮೆ, ಹೆಸರು.