ಗಾಳಿಯ ಅಳತೆಯೂ ಅಳತೆಯ ಪರೀಕ್ಷೆಯೂ: ಟರ್ಬೋ ಎಂಜಿನ್ನಿನ ಚರಿತ್ರೆಯ ಒಂದು ಅಧ್ಯಾಯ

ಪೆಟ್ರೋಲ್ ಎಂಜಿನ್ನಿನ ಮಾತು ಬಂದಾಗ ನಾವು ಪೆಟ್ರೋಲಿನ ಖರ್ಚನ್ನು ಲೆಕ್ಕಹಾಕುತ್ತೇವೆಯೇ ಹೊರತು ಗಾಳಿಯ ಖರ್ಚನ್ನಲ್ಲ. ಆದರೆ ಒಂದು ಭಾಗ ಪೆಟ್ರೋಲ್ ಪೂರ್ಣವಾಗಿ ಉರಿಯಬೇಕಾದರೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಆದುದರಿಂದ ಎಂಜಿನ್ನಿಗೆ ಎಷ್ಟು ಇಂಧನವನ್ನು ಕೊಡಬೇಕೆಂಬ ಪ್ರಶ್ನೆಯು ಅದು ಎಷ್ಟು ಗಾಳಿಯನ್ನು ಸೆಳೆದುಕೊಂಡಿತೆಂಬ ಪ್ರಶ್ನೆಯನ್ನು ಅವಲಂಬಿಸಿದೆ. ಈ ಗಾಳಿಯನ್ನು ಅಳೆಯುವ ಸಾಧನಗಳು ಹೇಗೆ ಬೆಳೆದುಬಂದುವು, ಆ ಅಳತೆಯನ್ನು ನಂಬುವುದಕ್ಕೆ ಮುನ್ನ ಏನನ್ನು ಪರೀಕ್ಷಿಸಬೇಕು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಕಾರ್ಬ್ಯುರೇಟರು ಗಾಳಿಯನ್ನು ಅಂಕೆಗಳಲ್ಲಿ ಅಳೆಯುತ್ತಿರಲಿಲ್ಲ. ಅದರ ಇಕ್ಕಟ್ಟಾದ ಕಂಠದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕುಗ್ಗುತ್ತಿತ್ತು. ಕುಗ್ಗಿದ ಒತ್ತಡವು ಇಂಧನವನ್ನು ತಾನಾಗಿ ಸೆಳೆಯುತ್ತಿತ್ತು. ಸಾಮಾನ್ಯ ಎಂಜಿನ್ನಿಗೆ ಇಷ್ಟು ಸಾಕಾಗಿತ್ತು. ಹೊರಹೋಗುವ ಹೊಗೆಯ ಶಕ್ತಿಯಿಂದಲೇ ಚಕ್ರವೊಂದನ್ನು ತಿರುಗಿಸಿ ಒಳಬರುವ ಗಾಳಿಯನ್ನು ಒತ್ತಿ ತುಂಬುವ ಯೋಜನೆಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿಯು 1905ರಲ್ಲಿ ಪೇಟೆಂಟನ್ನು ಪಡೆದನು. ಈ ಟರ್ಬೋಚಾರ್ಜರು ಮಾರಾಟದ ಕಾರುಗಳಿಗೆ ಬಂದುದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಮೂಲಕ. ಒತ್ತಿ ತುಂಬಿದ ಮಿಶ್ರಣವು ಅಕಾಲದಲ್ಲಿ ಸಿಡಿದು ಪಿಸ್ಟನ್ನನ್ನು ಬಡಿಯದಂತೆ ತಡೆಯಲು ಜೆಟ್‌ಫೈರಿನಲ್ಲಿ ನೀರು ಮತ್ತು ಮೀಥೈಲ್ ಆಲ್ಕೊಹಾಲ್ ಬೆರೆಸಿದ ದ್ರವವನ್ನು ಸಿಂಪಡಿಸಬೇಕಾಯಿತು. ಟರ್ಬೋ ಎಂಜಿನ್ನಿನಲ್ಲಿ ತಪ್ಪಿಗೆ ಅವಕಾಶ ಬಹಳ ಕಡಮೆಯೆಂಬುದು ಅಲ್ಲಿಯೇ ವ್ಯಕ್ತವಾಗಿತ್ತು.

ಜರ್ಮನಿಯ ಬಾಷ್ ಸಂಸ್ಥೆಯು 1967ರಲ್ಲಿ ಹೊರತಂದ ಡಿ-ಜೆಟ್ರೋನಿಕ್ ಎಂಬ ವಿದ್ಯುನ್ಮಾನ ವ್ಯವಸ್ಥೆಯು ಒಳನಾಳದ ಒತ್ತಡವನ್ನು ನೋಡಿ ಗಾಳಿಯನ್ನು ಊಹಿಸುತ್ತಿತ್ತು. 1973ರ ಎಲ್-ಜೆಟ್ರೋನಿಕ್ಕಿನಲ್ಲಿ ಹರಿಯುವ ಗಾಳಿಯೇ ಒಂದು ರೆಕ್ಕೆಯನ್ನು ತಳ್ಳಿ ತನ್ನ ಪ್ರಮಾಣವನ್ನು ತಿಳಿಸುತ್ತಿತ್ತು. ಆದರೆ ರೆಕ್ಕೆಯು ಗಾಳಿಯ ದಾರಿಗೆ ತಡೆ. ಮೇಲಾಗಿ ಉಷ್ಣತೆಗೆ ತಕ್ಕಂತೆ ಲೆಕ್ಕವನ್ನು ಬೇರೆಯಾಗಿ ತಿದ್ದಬೇಕು. 1981ರ ಎಲ್‌ಎಚ್-ಜೆಟ್ರೋನಿಕ್ ಈ ರೆಕ್ಕೆಯನ್ನು ತೆಗೆದು ಕಾಯಿಸಿದ ಪ್ಲಾಟಿನಂ ತಂತಿಯೊಂದನ್ನು ಇಟ್ಟಿತು. ಗಾಳಿ ತಂತಿಯನ್ನು ತಣಿಸುತ್ತದೆ. ಅದರ ಕಾವನ್ನು ಉಳಿಸಿಕೊಳ್ಳಲು ಬೇಕಾದ ವಿದ್ಯುತ್ತೇ ಗಾಳಿಯ ರಾಶಿಯ ಸೂಚನೆ.

ಈ ತತ್ತ್ವವು ಮೋಟಾರು ಕಾರ್ಖಾನೆಯಲ್ಲಿ ಹುಟ್ಟಿದುದಲ್ಲ. ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಎಲ್. ವಿ. ಕಿಂಗ್ 1914ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ತಂತಿಯಿಂದ ಹೊರಹೋಗುವ ಶಾಖವು ಒಂದು ಸ್ಥಿರಾಂಶ ಮತ್ತು ಗಾಳಿಯ ವೇಗದ ವರ್ಗಮೂಲಕ್ಕೆ ಅನುಗುಣವಾದ ಇನ್ನೊಂದು ಅಂಶ, ಇವೆರಡರ ಮೊತ್ತವೆಂದು ತೋರಿಸಿದನು. ಇದರಿಂದ ಎರಡು ಪರಿಣಾಮಗಳು ಒದಗುತ್ತವೆ. ಮೊದಲನೆಯದು, ವೋಲ್ಟಿನ ಏರಿಕೆಗೂ ಗಾಳಿಯ ಏರಿಕೆಗೂ ನೇರವಾದ ಅನುಪಾತವಿಲ್ಲ; ಮೇಲಿನ ವೋಲ್ಟುಗಳಲ್ಲಿ ಅಲ್ಪ ವ್ಯತ್ಯಾಸವೂ ಗಾಳಿಯ ದೊಡ್ಡ ವ್ಯತ್ಯಾಸವನ್ನು ಸೂಚಿಸುತ್ತದೆ. ಎರಡನೆಯದು, ತಂತಿಯು ತನ್ನ ಬಳಿಯ ಹರಿವನ್ನು ಮಾತ್ರ ಬಲ್ಲುದು, ನಾಳದ ಅಗಲವನ್ನು ಅರಿಯದು. ಆದುದರಿಂದ ನಿಯಂತ್ರಕದಲ್ಲಿ ಅಡಕವಾದ ವೋಲ್ಟು-ಗಾಳಿಯ ಕೋಷ್ಟಕವು ಆಯಾ ನಾಳಕ್ಕೆ ಮಾತ್ರ ಸತ್ಯ.

ಟರ್ಬೋ ಎಂಜಿನ್ನಿನ ಬಲವನ್ನು ಹೆಚ್ಚಿಸಹೊರಟವರಿಗೆ ಈ ಎರಡನೆಯ ಪರಿಣಾಮವೇ ಎಡರಾಗುತ್ತದೆ. ಗಾಳಿ ಹೆಚ್ಚಿದಂತೆ ಮಾಪಕದ ಸೂಚನೆಯು ಸಾಮಾನ್ಯವಾದ 5 ವೋಲ್ಟಿನ ಮೇಲ್ಮಿತಿಯನ್ನು ಮುಟ್ಟುತ್ತದೆ. ಅದರಾಚೆಗೆ ಬಂದ ಗಾಳಿ ಲೆಕ್ಕಕ್ಕೆ ಸಿಗದು. ಇದಕ್ಕಾಗಿ 70 ಮಿಲಿಮೀಟರ್ ವ್ಯಾಸದ ನಾಳಕ್ಕೆ ಬದಲಾಗಿ 80 ಮಿಲಿಮೀಟರಿನ ನಾಳವನ್ನು ಹಾಕಿದರೆಂದು ಭಾವಿಸೋಣ. ಅಡ್ಡಕೊಯ್ತದ ವಿಸ್ತೀರ್ಣವು ಸುಮಾರು 1.31 ಪಟ್ಟಾಗುತ್ತದೆ. ಹಳೆಯ ಕೋಷ್ಟಕವನ್ನೇ ಉಳಿಸಿಕೊಂಡರೆ 100 ಪಾಲು ಗಾಳಿಯನ್ನು ನಿಯಂತ್ರಕವು ಸುಮಾರು 77 ಪಾಲೆಂದು ಎಣಿಸುತ್ತದೆ. ಒಂದು ಪಾಲು ಇಂಧನಕ್ಕೆ 12 ಪಾಲು ಗಾಳಿಯೆಂದು ಉದ್ದೇಶಿಸಿದ್ದಲ್ಲಿ ನಿಜವಾಗಿ 15.7ರಷ್ಟು ಗಾಳಿ ಸೇರುತ್ತದೆ. ಪೂರ್ಣ ಒತ್ತಡದಲ್ಲಿ ಇಂಥ ಇಂಧನಕ್ಷೀಣ ಮಿಶ್ರಣವು ಪಿಸ್ಟನ್ನನ್ನು ಕರಗಿಸಬಲ್ಲುದು.

ಇಲ್ಲಿ ಒಂದು ಸುಲಭೋಪಾಯವು ಮನಸ್ಸಿಗೆ ತೋರುವುದುಂಟು: ಇಂಜೆಕ್ಟರುಗಳು ನಿಜಕ್ಕಿಂತ ಚಿಕ್ಕವೆಂದು ನಿಯಂತ್ರಕಕ್ಕೆ ಸುಳ್ಳು ಹೇಳುವುದು. ಆಗ ಇಂಧನವು ಹೆಚ್ಚಾಗಿ ಬಂದು ಮಿಶ್ರಣ ಸರಿಹೋಗುತ್ತದೆ. ಆದರೆ ನಿಯಂತ್ರಕವು ಕಿಡಿಯ ಕಾಲವನ್ನೂ ಅದೇ ಗಾಳಿಯ ಲೆಕ್ಕದಿಂದ ನಿರ್ಣಯಿಸುತ್ತದೆ. ಹೊರೆ ಕಡಮೆಯೆಂದು ನಂಬಿ ಅದು ಕಿಡಿಯನ್ನು ಬೇಗ ಹೊತ್ತಿಸುತ್ತದೆ. ತಪ್ಪಿಸಬೇಕಾಗಿದ್ದ ಬಡಿತವು ಬೇರೊಂದು ಬಾಗಿಲಿನಿಂದ ಒಳಬರುತ್ತದೆ.

1976ರಲ್ಲಿ ವೋಲ್ವೋ ಕಾರುಗಳಲ್ಲಿ ಬಳಕೆಗೆ ಬಂದ ಆಮ್ಲಜನಕದ ಮಾಪಕವೂ, ಅನಂತರದ ಅದರ ವಿಶಾಲವ್ಯಾಪ್ತಿಯ ರೂಪವೂ ಹೊಗೆಯನ್ನು ಪರೀಕ್ಷಿಸಿ ಮಿಶ್ರಣದ ಅನುಪಾತವನ್ನು ಹೇಳುತ್ತವೆ. ಆದರೆ ಅನುಪಾತವು ಒಂದೇ ಸಮೀಕರಣ. ಗಾಳಿ ಮತ್ತು ಇಂಧನ ಎರಡು ಅಜ್ಞಾತಗಳು. ತಪ್ಪು ಇದೆಯೆಂದು ಅದು ಸಾಕ್ಷಿ ನುಡಿಯುತ್ತದೆ. ತಪ್ಪು ಯಾವ ಕಡೆಯದೆಂದು ನುಡಿಯದು. ಆದ ಕಾರಣ ಕ್ರಮವೇ ಮುಖ್ಯ. ಮೊದಲು ಇಂಜೆಕ್ಟರುಗಳ ಹರಿವನ್ನೂ ಅವು ತೆರೆಯಲು ತಗಲುವ ವಿಳಂಬವನ್ನೂ ಬೇರೆಯಾಗಿ ಅಳೆದು ನಮೂದಿಸಬೇಕು. ಇಂಧನದ ಒತ್ತಡ ಸರಿಯಾಗಿದೆಯೆಂದು ನೋಡಬೇಕು. ಮಾಪಕಕ್ಕೂ ಸಿಲಿಂಡರಿಗೂ ನಡುವೆ ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಳತೆಯಾದ ಮೇಲೆ ಸೋರಿದ ಗಾಳಿಗೂ ಇಂಧನ ಬಿದ್ದೇ ಬೀಳುತ್ತದೆ. ಅನಂತರ ಆಮ್ಲಜನಕದ ಸೂಚನೆಯಿಂದ ನಿಯಂತ್ರಕವು ತಾನಾಗಿ ಮಾಡುವ ತಿದ್ದುಪಡಿಯನ್ನು ನಿಲ್ಲಿಸಿ, ಎಂಜಿನ್ನನ್ನು ಒಂದೊಂದು ಸ್ಥಿರವಾದ ಹೊರೆಯಲ್ಲಿ ನಿಲ್ಲಿಸಿ, ಉದ್ದೇಶಿತ ಮತ್ತು ಕಂಡ ಅನುಪಾತಗಳ ಅಂತರದಷ್ಟನ್ನು ಆಯಾ ವೋಲ್ಟಿನ ಎದುರಿಗೆ ಮಾತ್ರ ತಿದ್ದಬೇಕು. ತಿದ್ದಿದ ಬಿಂದುಗಳು ಸಲೀಸಾದ ವಕ್ರರೇಖೆಯಲ್ಲಿ ಕೂಡಿಬರಬೇಕು. ನಡುವೆ ಗುಬ್ಬಿ ಕಂಡರೆ ದೋಷ ಬೇರೆಲ್ಲೋ ಇದೆಯೆಂದು ತಿಳಿಯಬೇಕು.

ಕಾರ್ಬ್ಯುರೇಟರಿನಿಂದ ಬಿಸಿತಂತಿಯವರೆಗಿನ ಈ ಚರಿತ್ರೆಯನ್ನು ಸೂಕ್ಷ್ಮತೆಯ ಬೆಳವಣಿಗೆಯೆಂದು ಮಾತ್ರ ಓದುವುದು ಸಾಲದು. ಸಾಧನವು ಸೂಕ್ಷ್ಮವಾದಷ್ಟೂ ಅದರ ಅಂಕೆಯ ಮೇಲೆ ಹೆಚ್ಚು ನಿರ್ಣಯಗಳು ನಿಲ್ಲುತ್ತವೆ. ಒಂದು ಅಂಕೆಯ ದೋಷವನ್ನು ಇನ್ನೊಂದು ಅಂಕೆಯಿಂದ ಮರೆಮಾಡಿದರೆ ಅದು ಅಳಿಯದೆ ಸ್ಥಳವನ್ನು ಮಾತ್ರ ಬದಲಾಯಿಸುತ್ತದೆ. ತಪ್ಪನ್ನು ಅದು ಹುಟ್ಟಿದ ಎಡೆಯಲ್ಲಿಯೇ ತಿದ್ದಬೇಕೆಂಬ ಈ ನಿಯಮವು ಪ್ರಯೋಗಶಾಲೆಯ ವಿದ್ಯಾರ್ಥಿಗೆ ಎಷ್ಟು ಅಗತ್ಯವೋ ಕಾರ್ಯಾಗಾರದ ಕುಶಲಿಗೂ ಅಷ್ಟೇ ಅಗತ್ಯ.